ಮೂಳೆ ಹೇಳಿದ ವಯಸ್ಸು

ಹೆಣ್ಣು ನೋಡುವುದಕ್ಕಿಂತ ಕಾಲೇಜು ನೋಡುವುದು ದೊಡ್ಡ ರಗಳೆ ಎಂದು ನನಗೆ ಗೊತ್ತಾಗಿದ್ದು ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿದ ಮೇಲೆ. ನಮ್ಮ ಮನೆಯಲ್ಲಿ ಮೂರು ಜನಕ್ಕೆ ಮೂರು ಹಟ. ಅಪ್ಪನಿಗೆ ಪಾಠ ಚೆನ್ನಾಗಿರುವ ಕಾಲೇಜು ಬೇಕು. ಅವ್ವನಿಗೆ ಜಾಗ ಚೆನ್ನಾಗಿರಬೇಕು. ಅಂದರೆ ಮರ, ನೆರಳು, ಹೆಣ್ಣುಮಕ್ಕಳ ಕಡೆ ನೀರು ಬರುವ ನಲ್ಲಿ, ಚಿಲಕ ಬೀಳುವ ಬಾಗಿಲು. ನನಗೆ ಬೇಕಾಗಿದ್ದು ಮೈದಾನ ಒಂದೇ. ನಾನು ಎಂಟುನೂರು ಮೀಟರ್ ಓಡುವವಳು. ಹೆಸರು ನಾಗರತ್ನ, ಮನೆಯಲ್ಲಿ ರತ್ನಿ. ಗುಂಡ್ಲುಪೇಟೆಯಿಂದ ಕಾಡಂಚಿನ ಮದ್ದೂರಿನ ಕಡೆಗೆ ಹೋಗುವ ರಸ್ತೆ ಬದಿಯ ಹಳ್ಳಿ ನಮ್ಮದು.

ಜಿಲ್ಲಾ ಮಟ್ಟದಲ್ಲಿ ಮೂರು ವರ್ಷವೂ ನಾನು ಮೂರನೆಯವಳು. ಮೊದಲ ಇಬ್ಬರು ಹುಡುಗಿಯರು ಕೊನೆಯ ನೂರು ಮೀಟರಿನಲ್ಲಿ ನನ್ನನ್ನು ದಾಟಿ ಹೋಗುತ್ತಿದ್ದರು. ನಮ್ಮ ಹೈಸ್ಕೂಲಿನ ಪಿ.ಟಿ. ಮಾಸ್ಟರು ಸಾದಿಕ್ ಸರ್ ಪ್ರತಿ ಸಲ ತಲೆ ಕೆರೆದುಕೊಳ್ಳುತ್ತಿದ್ದರು. ಓಟದಲ್ಲಿ ತಪ್ಪಿಲ್ಲ, ಉಸಿರಿದೆ, ಛಲವಂತೂ ಬೇಕಾದ್ದಕ್ಕಿಂತ ಹೆಚ್ಚಿದೆ, ಕೊನೆಗೆ ಮೈಯಲ್ಲಿ ಕಸುವು ಮಾತ್ರ ಸಾಲುತ್ತಿಲ್ಲ, ಯಾಕೋ ಗೊತ್ತಾಗುತ್ತಿಲ್ಲ ಎನ್ನುತ್ತಿದ್ದರು. ನಾನು ಕೋಪಕ್ಕೆ ಮುದ್ದೆಯ ಮೇಲೆ ಮುದ್ದೆ ನುಂಗಿದೆ. ಆದರೂ ಮೂರನೆಯವಳೇ.

ಅಪ್ಪ ಗುರುಪಾದಸ್ವಾಮಿ ಈರುಳ್ಳಿ ವ್ಯಾಪಾರಿ. ಮೂಟೆಯ ಮೇಲಿನ ಈರುಳ್ಳಿ ನೋಡಿ ಮಾತಾಡುವವನಲ್ಲ, ತಳಕ್ಕೆ ಕೈ ಹಾಕುತ್ತಾನೆ. ಕಾಲೇಜುಗಳಲ್ಲೂ ಅದೇ ಬುದ್ಧಿ. ಪ್ರಿನ್ಸಿಪಾಲರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಹೊರಗೆ ಕ್ಯಾಂಟೀನಿಗೆ ಬಂದು, ಹೋದ ವರ್ಷ ಫೇಲಾದವರು ಯಾರಪ್ಪಾ ಎಂದು ವಿಚಾರಿಸುತ್ತಾನೆ. ನನಗೆ ನಾಚಿಕೆಯಿಂದ ಸಾಯುವ ಹಾಗಾಗುತ್ತಿತ್ತು. ಮೈಸೂರಿನ ಒಂದು ಕಾಲೇಜು ನೋಡಿದೆವು. ಕಟ್ಟಡ ಮದುವೆ ಛತ್ರದಂತೆ ಮಿರಮಿರ ಮಿಂಚುತ್ತಿತ್ತು, ಮೈದಾನದಲ್ಲಿ ಮಾತ್ರ ಕಾರು ನಿಲ್ಲಿಸಿದ್ದರು. ಗುಂಡ್ಲುಪೇಟೆಯ ಒಂದು ಕಾಲೇಜಿನಲ್ಲಿ ಪಾಠ ಚೆನ್ನಾಗಿತ್ತು. ಮೈದಾನದ ನಟ್ಟನಡುವೆ ಯಾರೋ ಪುಣ್ಯಾತ್ಮರು ಸಿಮೆಂಟಿನ ವೇದಿಕೆ ಕಟ್ಟಿಸಿಬಿಟ್ಟಿದ್ದರು. ಅದರ ಸುತ್ತ ಓಡಬೇಕಾದರೆ ನಾನು ಗಾಣದ ಎತ್ತಾಗಬೇಕಿತ್ತು.

ಮೂರನೆಯದು ಚಾಮರಾಜನಗರದ ಹೊರಗಿನ ಕಾಲೇಜು. ಹೆಸರು ಬೇಡ, ಓಟದ ಹಾದಿಗೆ ಕೆಂಪು ಜಲ್ಲಿಪುಡಿ ಹಾಕಿರುವುದರಿಂದ ಎಲ್ಲರೂ ಅದನ್ನು ಕೆಂಪು ಕಾಲೇಜು ಎನ್ನುತ್ತಾರೆ. ಸಾದಿಕ್ ಸರ್ ಅವರೇ ಕರೆದುಕೊಂಡು ಹೋದರು. ನಾನೂರು ಮೀಟರಿನ ಹಾದಿ, ಸುತ್ತಲೂ ಹೊಂಗೆ ಮರಗಳು, ಹಿಂದೆ ಬೆಟ್ಟದ ಸಾಲು. ಅವ್ವ ಹಾಸ್ಟೆಲಿನ ಪ್ರತಿ ನಲ್ಲಿ ತಿರುಗಿಸಿ, ಪ್ರತಿ ಚಿಲಕ ಹಾಕಿ ತೆಗೆದು ಬಂದಳು. ಅಪ್ಪನಿಗೆ ಕ್ಯಾಂಟೀನಿನಲ್ಲಿ ಫೇಲಾದವರು ಇಬ್ಬರೇ ಸಿಕ್ಕರು. ನಾನು ಆ ಕೆಂಪು ಹಾದಿಯಲ್ಲಿ ಎರಡು ಸುತ್ತು ಓಡಿ ಬಂದು ನಿಂತಾಗ ಅಲ್ಲಿಯ ಕೋಚ್ ಮೇಡಂ ಗಡಿಯಾರವನ್ನು ಸಾದಿಕ್ ಸರ್ ಅವರ ಮುಖದ ಹತ್ತಿರ ಹಿಡಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಕ್ರೀಡಾ ಹಾಸ್ಟೆಲ್ಲಿನಲ್ಲಿ ಒಂದು ಸೀಟು ನಿನ್ನದು ಎಂದರು ಮೇಡಂ. ಮೂರೂ ಹಟ ಒಂದೇ ಕಡೆ ಕೂಡಿ ಬಂದಿದ್ದು ನಮ್ಮ ಮನೆಯ ಚರಿತ್ರೆಯಲ್ಲಿ ಅದೇ ಮೊದಲು. ನಾನು ಶೂ ಕೂಡ ಬಿಚ್ಚದೆ ಬಸ್ಸು ಹತ್ತಿದೆ.

ಒಂದು ಪರೀಕ್ಷೆ ಬಾಕಿ ಇತ್ತು. ಕ್ರೀಡಾ ಹಾಸ್ಟೆಲ್ಲಿಗೆ ಸೇರುವವರೆಲ್ಲ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆಸಬೇಕು. ಮೂಳೆ ನೋಡಿ ಡಾಕ್ಟರು ವಯಸ್ಸು ಹೇಳುತ್ತಾರೆ. ವಯಸ್ಸು ಕಡಿಮೆ ಬರೆಸಿಕೊಂಡು ಚಿಕ್ಕವರ ಜೊತೆ ಓಡಿ ಪದಕ ಹೊಡೆಯುವವರಿದ್ದಾರಲ್ಲ, ಅಂಥವರನ್ನು ಹಿಡಿಯಲು. ನನಗೇನು ಭಯ? ಗಾಜಿನ ಮೇಲೆ ಕೈ ಇಟ್ಟು, ತೆಗೆಸಿಕೊಂಡು ಬಂದೆ.

ನಾಲ್ಕನೇ ದಿನ ಕಾಲೇಜಿನಿಂದ ಫೋನು ಬಂತು. ಅಪ್ಪ, ಸಾದಿಕ್ ಸರ್, ನಾನು ಹೋದೆವು. ಕೋಚ್ ಮೇಡಂ ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದುಕೊಂಡಿದ್ದರು. ಮೇಜಿನ ಮೇಲೆ ನನ್ನ ಜನನ ಪ್ರಮಾಣಪತ್ರ ಇತ್ತು. ಕಾಗದದ ಪ್ರಕಾರ ನನಗೆ ಹದಿನಾರು ತುಂಬಿ ನಾಲ್ಕು ತಿಂಗಳಾಗಿದೆ, ಮೂಳೆಯ ಪ್ರಕಾರ ಹದಿನಾಲ್ಕೂವರೆ ಎಂದು ಅವರು ಹೇಳಿದರು. ಡಾಕ್ಟರು ಎರಡು ಸಲ ನೋಡಿದ್ದಾರಂತೆ.

“ವಯಸ್ಸು ಕಡಿಮೆ ಮಾಡಿಸಿಕೊಂಡು ಬರೋರನ್ನ ಪ್ರತಿ ವರ್ಷ ನೋಡ್ತೀನಿ,” ಎಂದರು ಮೇಡಂ. “ಜಾಸ್ತಿ ಮಾಡಿಸಿಕೊಂಡು ಬಂದೋರನ್ನ ಇವತ್ತೇ ನೋಡ್ತಾ ಇರೋದು. ಇದು ಯಾರ ಸರ್ಟಿಫಿಕೇಟು?”

ನಾನು ನಕ್ಕುಬಿಟ್ಟೆ. ಎಕ್ಸ್‌ರೇ ಅದಲುಬದಲಾಗಿದೆ, ಇನ್ಯಾವಳದೋ ಕೈ ಇದು ಎಂದುಕೊಂಡೆ. ಸಾದಿಕ್ ಸರ್ ಕೂಡ ಹಾಗೆಯೇ ಹೇಳಿದರು, ಹುಡುಗಿಯನ್ನು ಮೂರು ವರ್ಷದಿಂದ ಬಲ್ಲೆ, ಮೋಸದ ಮನೆಯಲ್ಲ ಎಂದು ಸ್ವಲ್ಪ ದನಿ ಏರಿಸಿಯೇ ಹೇಳಿದರು. ಆಮೇಲೆ ನಾನು ಅಪ್ಪನ ಕಡೆ ತಿರುಗಿದೆ. ಅಪ್ಪ ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದ. ಒರೆಸಿದ ಕತ್ತನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ. ನನ್ನ ನಗು ಅಲ್ಲೇ ನಿಂತುಹೋಯಿತು.

ಹೊರಗೆ ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋಗಿ ಕೂರಿಸಿಕೊಂಡ. ಟವೆಲ್ಲನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡ. ಆಮೇಲೆ, “ಅದು ನಿಮ್ಮಕ್ಕುಂದು ಕಣಮ್ಮಿ,” ಎಂದ.

ನನಗೆ ಯಾವ ಅಕ್ಕನೂ ಇಲ್ಲ ಎಂದೆ.

“ಇದ್ಲು. ಐದು ತಿಂಗ್ಳು ಇದ್ಲು.”

ಓಡುವಾಗ ಎಡವಿ ಬಿದ್ದರೆ ತಕ್ಷಣ ನೋವಾಗುವುದಿಲ್ಲ. ಎದ್ದು ನಿಂತು ಮೊಣಕಾಲು ನೋಡಿಕೊಂಡ ಮೇಲೆ ಆಗುತ್ತದೆ. ನನಗೂ ಹಾಗೆಯೇ ಆಯಿತು. ಅಪ್ಪ ಹೇಳುತ್ತಾ ಹೋದ, ನಾನು ಯಾರದೋ ಮನೆಯ ಸುದ್ದಿ ಕೇಳುವವಳಂತೆ ಕೇಳುತ್ತಾ ಹೋದೆ. ಮೊದಲು ಹುಟ್ಟಿದ ಕೂಸಿಗೆ ಅಜ್ಜಿ ದೊಡ್ಡಮಲ್ಲಮ್ಮ ಹರಕೆ ಹೊತ್ತಂತೆ ನಾಗರತ್ನ ಎಂದು ಹೆಸರಿಟ್ಟರಂತೆ. ಗುಂಡ್ಲುಪೇಟೆ ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರಿಂದ ಹುಟ್ಟು ದಾಖಲಾಗಿತ್ತು. ಆಷಾಢದಲ್ಲಿ ಜ್ವರ ಬಂದು ಕೂಸು ಹೋಯಿತು. ಹೊಲದ ಬದುವಿನಲ್ಲಿ ಹೂತರು. ಐದು ತಿಂಗಳ ಕೂಸು ಸತ್ತಿದ್ದಕ್ಕೆ ಯಾರು ಆಫೀಸಿಗೆ ಹೋಗಿ ಬರೆಸುತ್ತಾರೆ? ಯಾರೂ ಹೋಗಲಿಲ್ಲ. ಮಾರನೇ ವರ್ಷ ನಾನು ಅವ್ವನ ತವರಿನಲ್ಲಿ, ಮನೆಯಲ್ಲೇ ಹುಟ್ಟಿದೆ. ನನ್ನದನ್ನೂ ಯಾರೂ ಬರೆಸಲಿಲ್ಲ. ಹೋದವಳೇ ತಿರುಗಿ ಬಂದಿದ್ದಾಳೆ, ಅದೇ ಹೆಸರಿಡಿ ಎಂದಳಂತೆ ಅಜ್ಜಿ. ಇಟ್ಟರು.

ನನಗೆ ನಾಲ್ಕೂವರೆ ವರ್ಷ ಆದಾಗ ಪಕ್ಕದ ಮನೆಯ ಮಕ್ಕಳ ಜೊತೆ ಸ್ಕೂಲಿಗೆ ಹೋಗುತ್ತೇನೆಂದು ಗೇಟಿನ ಮುಂದೆ ಮಲಗಿ ಹಟ ಮಾಡಿದ್ದೆನಂತೆ. ಹೆಡ್‌ಮಾಸ್ಟರು ಸರ್ಟಿಫಿಕೇಟು ತನ್ನಿ ಎಂದರು. ಅಪ್ಪ ಗುಂಡ್ಲುಪೇಟೆಗೆ ಹೋಗಿ ಮಗುವಿನ ಹೆಸರು, ತಂದೆಯ ಹೆಸರು, ತಾಯಿಯ ಹೆಸರು ಹೇಳಿದ. ಗುಮಾಸ್ತ ಪುಸ್ತಕ ಹುಡುಕಿ ಕಾಗದ ಬರೆದುಕೊಟ್ಟ. ತಾರೀಕು ನೋಡಿದಾಗಲೇ ಅಪ್ಪನಿಗೆ ಗೊತ್ತಾಯಿತು, ಇದು ಹೋದವಳದು ಎಂದು. ವಾಪಸ್ ಕೊಡಲು ಕೈ ಬರಲಿಲ್ಲವಂತೆ. ಒಂದು ವರ್ಷ ಮೊದಲೇ ಸ್ಕೂಲಿಗೆ ಸೇರಿಸಬಹುದು, ಯಾರಿಗೇನು ನಷ್ಟ ಎಂದುಕೊಂಡ. ಎಲ್ಲ ಮೂಟೆಯ ತಳಕ್ಕೂ ಕೈ ಹಾಕುವ ಮನುಷ್ಯ ತನ್ನ ಮನೆಯ ಮೂಟೆಯನ್ನು ಮಾತ್ರ ಬಾಯಿ ಹೊಲಿದು ಹತ್ತು ವರ್ಷ ಅಟ್ಟದ ಮೇಲಿಟ್ಟಿದ್ದ.

ನನಗೆ ಮೊದಲು ಬಂದಿದ್ದು ಅಳುವಲ್ಲ, ಕೋಪ. ನನ್ನನ್ನು ಪ್ರತಿ ವರ್ಷ ದಾಟಿ ಹೋದ ಆ ಇಬ್ಬರು ನನಗಿಂತ ಎರಡು ವರ್ಷ ದೊಡ್ಡವರಾಗಿದ್ದರು. ನಾನು ನನ್ನ ಕಾಲಿನಿಂದ ಓಡುತ್ತಿದ್ದೆ, ಇನ್ನೊಬ್ಬಳ ವಯಸ್ಸಿನಲ್ಲಿ. ಆಮೇಲೆ ಬೇರೆಯದೂ ಒಂದೊಂದಾಗಿ ಹೊಳೆಯತೊಡಗಿತು. ಕಾಗದದಲ್ಲಿದ್ದ ತಾರೀಕು, ಫೆಬ್ರವರಿ ಒಂಬತ್ತಕ್ಕೆ ಅಜ್ಜಿ ನನಗೆ ಪಾಯಸ ಮಾಡಿ ಹಾಕುತ್ತಿದ್ದಳು, ಅವ್ವ ಅವತ್ತು ಏನೂ ತಿನ್ನುತ್ತಿರಲಿಲ್ಲ. ಅದೇನೋ ಉಪವಾಸದ ವ್ರತ ಎಂದುಕೊಂಡಿದ್ದೆ. ಅದು ನನ್ನ ಹುಟ್ಟಿದ ಹಬ್ಬವೇ ಅಲ್ಲ. ಸರ್ಕಾರದ ಪುಸ್ತಕದಲ್ಲಿ ಅವಳು ಸತ್ತಿಲ್ಲ, ನಾನು ಹುಟ್ಟಿಲ್ಲ. ಗಾಜಿನ ಮೇಲೆ ಇಟ್ಟಿದ್ದ ಎಡಗೈ ನೋಡಿಕೊಂಡೆ.

ಮೇಡಂ ಕೆಟ್ಟವರಲ್ಲ. ಅಪ್ಪ ಒಳಗೆ ಹೋಗಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಪೆನ್ನಿನ ಮುಚ್ಚಳ ತೆಗೆದು ಕ್ಯಾಲೆಂಡರಿನಲ್ಲಿ ಒಂದು ತಾರೀಕಿಗೆ ಸುತ್ತು ಹಾಕಿದರು. ಹನ್ನೆರಡನೇ ತಾರೀಕಿನವರೆಗೆ ಸೀಟು ಹಿಡಿದಿಟ್ಟಿರುತ್ತೇನೆ, ಅಷ್ಟರೊಳಗೆ ದೊಡ್ಡ ಮಗು ಸತ್ತಿದೆ, ಇವಳು ಎರಡನೆಯವಳು ಎಂದು ತಂದೆ ತಾಯಿ ಇಬ್ಬರೂ ಲಾಯರ ಮುಂದೆ ಪ್ರಮಾಣ ಮಾಡಿ ಸಹಿ ಹಾಕಿದ ಕಾಗದ ತನ್ನಿ, ಕೋರ್ಟಿನ ಕೆಲಸ ನಿಧಾನಕ್ಕೆ ಆಗಲಿ ಎಂದರು. ನಿನ್ನ ನಿಜವಾದ ವಯಸ್ಸಿನವರ ಜೊತೆ ಓಡಿದರೆ ರಾಜ್ಯದಲ್ಲಿ ನಿನ್ನನ್ನು ಹಿಡಿಯುವವರಿಲ್ಲ ಎಂದೂ ಹೇಳಿದರು. ಅಲ್ಲಿಗೆ ನನಗೆ ಎಲ್ಲ ಸುಲಭ ಎನಿಸಿತು. ಎರಡು ಸಹಿ ತಾನೆ?

ಅವ್ವ ಹಾಕುವುದಿಲ್ಲ ಎಂದಳು.

ನಮ್ಮವ್ವ ಗುರುಸಿದ್ದಮ್ಮ ಮನೆಯಲ್ಲಿ ಯಾವುದಕ್ಕೂ ಎದುರಾಡಿದವಳಲ್ಲ. ಅಪ್ಪ ಹೇಳಿದ. ಅಜ್ಜಿ ಹೇಳಿದಳು. ಸಾದಿಕ್ ಸರ್ ಗುಂಡ್ಲುಪೇಟೆಯಿಂದ ಬಂದು ಜಗುಲಿಯ ಮೇಲೆ ಕೂತು, ಇದು ಹುಡುಗಿಯ ಜೀವನದ ಪ್ರಶ್ನೆ ತಾಯಿ ಎಂದು ಹೇಳಿ ಹೋದರು. ಅವ್ವ ಎಲ್ಲರಿಗೂ ಕಾಫಿ ಕೊಟ್ಟಳು, ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು. “ಸತ್ತೋದ್ಲು ಅಂತ ನಾನು ಬರ್ಕೊಡಕಿಲ್ಲ.” ಅಪ್ಪ ಮೆತ್ತಗೆ ಗುಂಡ್ಲುಪೇಟೆ ಕಾಲೇಜಿನ ಮಾತು ತೆಗೆದ. ಅಲ್ಲಿ ಎಕ್ಸ್‌ರೇ ಕೇಳುವುದಿಲ್ಲ, ಈಗಿರುವ ಕಾಗದವೇ ನಡೆಯುತ್ತದೆ. ಆ ವೇದಿಕೆಯ ಸುತ್ತ ನೀನೇ ಓಡು ಎಂದೆ.

ನಾಲ್ಕು ದಿನ ಕಳೆದುಹೋಯಿತು. ಐದನೇ ದಿನ ನನ್ನ ನಾಲಿಗೆ ಹಿಡಿತ ತಪ್ಪಿತು. ಅವ್ವ ಮುದ್ದೆ ತಿರುವುತ್ತಿದ್ದಾಗ ಹೋಗಿ ಮುಂದೆ ನಿಂತೆ. “ನಿಂಗ ಸತ್ತೋಳು ಬೇಕಾ, ಇರೋಳು ಬೇಕಾ?” ಎಂದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವ್ವ ಹೊಡೆಯಲಿಲ್ಲ. ಮುದ್ದೆ ಕೋಲನ್ನು ಪಾತ್ರೆಯಲ್ಲೇ ಬಿಟ್ಟು ಹಿತ್ತಲಿಗೆ ಹೋದಳು. ಮುದ್ದೆ ತಳ ಹತ್ತಿತು. ಐದು ತಿಂಗಳ ಕೂಸಿನ ಮೇಲೆ ನನಗೆ ಹೊಟ್ಟೆಕಿಚ್ಚು ಬಂದಿತ್ತು. ಇದನ್ನು ಯಾರ ಹತ್ತಿರವೂ ಹೇಳಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಅವತ್ತು ಸಂಜೆ ಅವ್ವ ಹೊಲದಲ್ಲಿದ್ದಳು. ನಾನು ಹಿಂದೆ ಹೋಗಿ, ಎಲ್ಲಿ ಹೂತಿರುವುದು ಎಂದು ಕೇಳಿದೆ. ಅವ್ವ ಬದುವಿನ ಕೊನೆಯ ಬೇವಿನ ಮರದ ಬುಡ ತೋರಿಸಿದಳು. ದಿನಾ ಬೆಳಿಗ್ಗೆ ಓಡುವ ಮೊದಲು ನಾನು ಶೂ ಲೇಸು ಕಟ್ಟಿಕೊಳ್ಳಲು ಕೂರುತ್ತಿದ್ದ ಜಾಗ ಅದು. ಅಲ್ಲಿ ಕೂರಬೇಡ ಎಂದು ಅವ್ವ ಎಷ್ಟು ಸಲ ಗದರಿದ್ದಳೋ. ಹಾವು ಇರುತ್ತವೆ ಎನ್ನುತ್ತಿದ್ದಳು. ಅಲ್ಲಿ ಒಂದು ಕಲ್ಲೂ ಇರಲಿಲ್ಲ, ಗರಿಕೆ ಬೆಳೆದಿತ್ತು ಅಷ್ಟೇ.

ನನ್ನ ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ. “ಅವಳ ಹೆಸ್ರು ನಾನಿಟ್ಕಂಡಿವ್ನಿ,” ಎಂದೆ. “ವಯಸ್ಸೂ ನಾನೇ ಇಟ್ಕಂಡಿವ್ನಿ. ಅವಳ್ಗ ಏನುಳೀತವ್ವ?”

ಅವ್ವ ಗರಿಕೆಯ ಮೇಲೆ ಕೈ ಇಟ್ಟು ಕೂತಳು. ನಾನು ಮನೆಗೆ ಬಂದು, ಆಯಿತು, ಗುಂಡ್ಲುಪೇಟೆ ಕಾಲೇಜಿಗೇ ಹೋಗುತ್ತೇನೆ ಎಂದು ಅಪ್ಪನಿಗೆ ಹೇಳಿದೆ. ಹೇಳಿ, ಕೋಣೆಗೆ ಹೋಗಿ ಚೆನ್ನಾಗಿ ಅತ್ತೆ.

ಹನ್ನೆರಡನೇ ತಾರೀಕು ಬೆಳಿಗ್ಗೆ ಅವ್ವ ಹೊರಗೆ ಹೋಗುವ ಸೀರೆ ಉಟ್ಟು, ತಲೆ ಬಾಚಿ, ಬಾಗಿಲಲ್ಲಿ ನಿಂತಿದ್ದಳು. ನಡೀರಿ, ಲಾಯರ ಹತ್ತಿರ ಹೋಗೋಣ ಎಂದಳು. ಅಪ್ಪ ಹಲ್ಲುಜ್ಜುತ್ತಿದ್ದವನು ಹಾಗೆಯೇ ನಿಂತ.

ಗುಂಡ್ಲುಪೇಟೆಯ ಕೋರ್ಟಿನ ಹತ್ತಿರ ಲಾಯರು ಪುಟ್ಟಬಸಪ್ಪನವರ ಆಫೀಸು. ಎರಡು ಬೆಂಚು, ಒಂದು ಕಂಪ್ಯೂಟರು, ಟೈಪು ಮಾಡಲು ಒಬ್ಬಾಕೆ. ಲಾಯರು ಕೇಳುತ್ತಾ ಹೋದರು, ಅಪ್ಪ ಹೇಳುತ್ತಾ ಹೋದ, ಆಕೆ ಟೈಪು ಮಾಡುತ್ತಾ ಹೋದಳು. ಮೃತ ಮಗುವಿನ ಹೆಸರು, ಹುಟ್ಟಿದ ತಾರೀಕು, ಸತ್ತ ತಾರೀಕು. ಅವ್ವ ಗೋಡೆಗೆ ಒರಗಿ ನೆಲ ನೋಡುತ್ತಿದ್ದಳು. ಸತ್ತ ಜಾಗ ಎಲ್ಲಿ ಎಂದು ಕೇಳಿದರು ಲಾಯರು. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡ್ ಎಂದ ಅಪ್ಪ. ಮೈಸೂರಿನ ಆಸ್ಪತ್ರೆಯವರು ಕೈಚೆಲ್ಲಿ ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು, ಬಸ್ಸಿನಿಂದ ಇಳಿದ ಮೇಲೆ ಜೀವ ಹೋಯಿತು ಎಂದು ವಿವರಿಸಿದ.

“ಅಲ್ಲ,” ಎಂದಳು ಅವ್ವ.

ಎಲ್ಲರೂ ಅವಳ ಕಡೆ ತಿರುಗಿದೆವು.

“ಬೇಗೂರು ಬರಕ ಮುಂಚೇನೆ ಉಸ್ರು ನಿಂತೋಗಿತ್ತು. ಯೋಳುದ್ರ ನಡುದಾರೀಲಿ ಇಳಿಸ್ಬುಡ್ತಾರ ಅಂತ ಸುಮ್ಕಿದ್ದಿ. ಕಂಡಕ್ಟರು ಬಂದು ಕೂಸು ಮಲಗ್ತಾ ಅಂದ. ಊಂ, ಮಲ್ಗವ್ಳ ಅಂದಿ.”

ಟೈಪಿನ ಸದ್ದು ನಿಂತಿತು. ಅಪ್ಪ ಎದ್ದು ಅವ್ವನ ಕಡೆ ಒಂದು ಹೆಜ್ಜೆ ಇಟ್ಟ. ಅವತ್ತು ಅವನಿಗೆ ಬಸ್ಸಿನಲ್ಲಿ ಸೀಟು ಸಿಕ್ಕಿರಲಿಲ್ಲ, ಮುಂದಿನ ಬಾಗಿಲ ಹತ್ತಿರ ನಿಂತಿದ್ದನಂತೆ. ಅದನ್ನು ಆಮೇಲೆ ಅವನೇ ನನಗೆ ಹೇಳಿದ.

“ಬೇಗೂರಲ್ಲಿ ನಾನು ಇಳ್ದು ಆಲು ತಂದ್ನಲ್ಲ,” ಎಂದ ಅಪ್ಪ. “ಕುಡುದ್ಲಾ ಅಂತ ಕೇಳ್ದಿ. ಕುಡುದ್ಲು ಅಂದ್ಯಲ್ಲ.”

“ಊಂ,” ಎಂದಳು ಅವ್ವ. “ಅಂದಿ.”

ಹದಿನಾರು ವರ್ಷ ಒಂದೇ ಮನೆಯಲ್ಲಿ, ಒಂದೇ ಒಲೆಯ ಅನ್ನ ಉಂಡು ಬದುಕಿದವರು ಇವರು. ಬೇಗೂರಿನಿಂದ ಗುಂಡ್ಲುಪೇಟೆವರೆಗೆ ಅವ್ವ ಸತ್ತ ಮಗುವಿಗೆ ಸೆರಗು ಹೊದಿಸಿ, ಅಪ್ಪ ತಂದ ಹಾಲನ್ನು ಕುಡಿಸಿದಂತೆ ಮಾಡಿ, ಅಳದೆ ಕೂತಿದ್ದಳು. ಇಳಿದ ಮೇಲೂ ಹೇಳಲಿಲ್ಲ. ನಾನು ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮೂಳೆಯ ವಯಸ್ಸು ಕೇಳಿದಾಗ ಆದ ದಿಗಿಲು ಇದರ ಮುಂದೆ ಏನೂ ಅಲ್ಲ. ನನ್ನ ಅವ್ವ ಯಾರೆಂದೇ ನನಗೆ ಗೊತ್ತಿರಲಿಲ್ಲ ಎನಿಸಿಬಿಟ್ಟಿತು.

ಲಾಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಟೈಪಿನಾಕೆ ಎದ್ದು ಹೋಗಿ ಅವ್ವನಿಗೆ ಒಂದು ಲೋಟ ನೀರು ತಂದುಕೊಟ್ಟಳು. ಅವ್ವ ಕುಡಿದು ಲೋಟ ಕೆಳಗಿಟ್ಟು, ಬೇಗೂರು ಅಂತಲೇ ಬರೆಯಿರಿ ಎಂದಳು. ಬರೆದರು.

ಇನ್ನು ಬದುಕಿರುವ ಮಗಳ ವಿವರ. ಹೆಸರು ಎಂದು ಕೇಳಿದರು ಲಾಯರು. ನಾಗರತ್ನ ಎಂದೆ ನಾನು. ಅವರಿಗೆ ಪಾಪ ಏನು ಮಾಡಬೇಕೋ ತೋಚಲಿಲ್ಲ. ಅದು ಮೃತ ಮಗುವಿನ ಹೆಸರಲ್ಲವೇ, ಇಬ್ಬರಿಗೂ ಒಂದೇ ಹೆಸರಿದ್ದರೆ ಕೋರ್ಟಿನಲ್ಲಿ ಗೊಂದಲ, ನಿನಗೆ ಬೇರೆ ಒಂದು ಹೆಸರು ಇಟ್ಟುಕೊಳ್ಳುವುದು ಸಲೀಸು, ಈಗಲೇ ಯೋಚಿಸು ಎಂದರು. ನನ್ನದು ಎಂದು ಹೇಳಿಕೊಳ್ಳಲು ನನ್ನ ಹತ್ತಿರ ಆ ಕ್ಷಣದಲ್ಲಿ ಹೆಸರೂ ಇರಲಿಲ್ಲ, ತಾರೀಕೂ ಇರಲಿಲ್ಲ. ಅಪ್ಪನ ಕಡೆ ನೋಡಿದೆ. ಅವನು ಇನ್ನೂ ಆ ಬಸ್ಸಿನಲ್ಲೇ ಇದ್ದ.

ಅವ್ವ ಗೋಡೆ ಬಿಟ್ಟು ಮುಂದೆ ಬಂದಳು. ನನ್ನ ಎಡಗೈಯ ಮಣಿಕಟ್ಟು ಹಿಡಿದುಕೊಂಡು ಮೇಜಿನ ಹತ್ತಿರ ನಿಲ್ಲಿಸಿದಳು.

“ನಾಗರತ್ನ ಅಂತ್ಲೇ ಬರ್ಕಳಿ ಸ್ವಾಮಿ. ಅವ್ಳು ಸತ್ತೋದ್ಲು. ಇವ್ಳು ಓಡ್ತಾಳ.”

ಹದಿನಾರು ವರ್ಷದಲ್ಲಿ ಅವಳು ಸತ್ತಳು ಎಂದು ಅವ್ವ ಒಪ್ಪಿಕೊಂಡು ಹೇಳಿದ್ದು ಅದೇ ಮೊದಲು. ಲಾಯರು ಟೈಪಿನಾಕೆಗೆ ತಲೆಯಾಡಿಸಿದರು. ಆಕೆ ನನ್ನ ಹುಟ್ಟಿದ ತಾರೀಕು ಎಷ್ಟು ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಅವ್ವನನ್ನು ಕೇಳಿದೆ.